ಗಿರಾಕಿ ಹೋದ ಮೇಲೆ

ಸುಗ್ಗಿ ಮುಗಿದು ಹದಿನೈದು ದಿನವಾಗಿತ್ತು. ಹೊಸ ಗೋಧಿಯನ್ನು ಅಂಗಳಗಳಲ್ಲಿ ಗೋಣಿತಾಟಿನ ಮೇಲೆ ಹರವಿ, ಕೋಳಿ ಓಡಿಸಲು ಮನೆಗೊಬ್ಬರು ಕಡ್ಡಿ ಹಿಡಿದು ಕೂತಿದ್ದರು. ಬೆಳಗಿನ ಚಳಿ ಬಿಡುವ ಮೊದಲೇ ಹಿಟ್ಟಿನ ಗಿರಣಿಯ ಮುಂದೆ ಮೊದಲ ಚೀಲ ಬಂದು ಕೂರುತ್ತಿತ್ತು. ಬಿಸಿಲೇರುವಷ್ಟರಲ್ಲಿ ಅದರ ಹಿಂದೆ ಇಪ್ಪತ್ತು ಚೀಲ, ಬುಟ್ಟಿ, ತಗಡಿನ ಡಬ್ಬ. ಸರದಿಯಲ್ಲಿ ನಿಲ್ಲುವ ಕೆಲಸ ಚೀಲಗಳದು. ಮನುಷ್ಯರು ಜಗಲಿಯ ಮೇಲೆ ಕೂತು ಅಲ್ಲಿಲ್ಲದವರ ವಿಚಾರ ಮಾತಾಡುತ್ತಿದ್ದರು.

ಗಿರಣಿಯ ಬಾಗಿಲ ಮೇಲೊಂದು ಬೋರ್ಡು: ‘ನಿಮ್ಮ ಕಾಳು, ನಿಮ್ಮದೇ ಹಿಟ್ಟು.’ ಕೆಂಪು ಬಣ್ಣದಲ್ಲಿ ಇದನ್ನು ಬರೆಸಿದವನು ಗಿರಣಿಯಣ್ಣ. ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಆದರೆ ಅದು ಕರೆಂಟಿನ ಬಿಲ್ಲಿನ ಮೇಲೆ ಮಾತ್ರ ಬಳಕೆಯಲ್ಲಿತ್ತು. ದಿನಕ್ಕೆರಡು ಸಲ ಅವನು ಹೊರಗೆ ಬಂದು, ಸೊಂಟಕ್ಕೆ ಕೈಯಿಟ್ಟು, ಆ ಬೋರ್ಡನ್ನು ತಾನೇ ಓದುತ್ತಿದ್ದ. ಓದಿ ಮುಗಿಸಿದಾಗ ಅವನ ಮುಖದಲ್ಲಿ ಬೇರೆ ಯಾರೋ ತನ್ನನ್ನು ಹೊಗಳಿದಷ್ಟು ಸಂತೋಷವಿರುತ್ತಿತ್ತು.

ಹಿಟ್ಟಿನ ಗಿರಣಿ ನೋಡಿದವರಿಗೆ ಗೊತ್ತು, ಹಿಟ್ಟು ಬೀಳುವ ಬಾಯಿಗೆ ಒಂದು ಮೊಳದುದ್ದದ ಬಟ್ಟೆಯ ತೋಳು ಕಟ್ಟಿರುತ್ತದೆ. ಕಾಳು ಮುಗಿದ ಮೇಲೂ ತೋಳಿನ ಮಡಿಕೆಗಳಲ್ಲಿ ಹಿಟ್ಟು ಕಚ್ಚಿಕೊಂಡಿರುತ್ತದೆ. ಅದನ್ನು ಅಂಗೈಯಿಂದ ಮೂರು ಸಲ ಬಡಿದು ಗಿರಾಕಿಯ ಚೀಲಕ್ಕೆ ಉದುರಿಸಬೇಕು. ಮೊದಲ ಪೆಟ್ಟಿಗೆ ಹಿಟ್ಟಿಗೆ ಎಚ್ಚರವಾಗುತ್ತದೆ, ಎರಡನೆಯದಕ್ಕೆ ಕದಲುತ್ತದೆ, ಮೂರನೆಯದಕ್ಕೆ ಬೀಳುತ್ತದೆ ಎಂದು ಗಿರಣಿಯಣ್ಣನ ಅಪ್ಪ ಹೇಳುತ್ತಿದ್ದ. ಮಗ ಪಾಠವನ್ನು ಬಲು ಚೆನ್ನಾಗಿ ಕಲಿತಿದ್ದ. ಆದ್ದರಿಂದಲೇ ಎರಡು ಪೆಟ್ಟನ್ನು ಗಿರಾಕಿಯ ಎದುರಿಗೆ ಹೊಡೆದು, ಚೀಲದ ಬಾಯಿ ಕಟ್ಟಿ, “ಹುಷಾರಾಗಿ ಹೋಗಿ” ಎಂದು ಬೀಳ್ಕೊಟ್ಟು, ಗಿರಾಕಿ ಹೊಸ್ತಿಲು ದಾಟಿದ ಮೇಲೆ ತನ್ನ ಡಬ್ಬವನ್ನು ಕೆಳಗೆ ಹಿಡಿದು ಮೂರನೆಯದನ್ನು ಹೊಡೆಯುತ್ತಿದ್ದ.

ಒಂದು ಹಿಡಿ ಬೀಳುತ್ತಿತ್ತು. ಹೆಚ್ಚಿಲ್ಲ. ದಿನಕ್ಕೆ ನಲವತ್ತು ಗಿರಾಕಿ, ನಲವತ್ತು ಹಿಡಿ. ಮನೆಗೆ ಹೋಗುವಾಗ ಅದಕ್ಕೆ ‘ಕಲ್ಲಿನ ಪಾಲು’ ಎಂದು ಹೆಸರು. ಬೀಸುವ ಕಲ್ಲು ತಿಂದು ಬಿಟ್ಟದ್ದು, ದೇವರು ಕೊಟ್ಟದ್ದು ಎಂದು ಹೆಂಡತಿಯನ್ನು ನಂಬಿಸಿದ್ದ. ಹದಿನೆಂಟು ವರ್ಷದಲ್ಲಿ ಆ ಮನೆಗೆ ಗೋಧಿ ಕೊಂಡು ತಂದದ್ದಿಲ್ಲ. ಇಷ್ಟಾದರೂ ಗಿರಣಿಯಣ್ಣನನ್ನು ಕಳ್ಳ ಎಂದು ಯಾರಾದರೂ ಕರೆದರೆ ಮೊದಲು ಸಿಟ್ಟಾಗುವವನು ಅವನೇ. ಕಳ್ಳರು ಕತ್ತಲೆಯಲ್ಲಿ ಬರುತ್ತಾರೆ. ಅವನು ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆಯುತ್ತಿದ್ದ.

ಗಿರಣಿಯ ಗೋಡೆಗೆ ಅಂಟಿದಂತೆ ಹಾಳುಬಿದ್ದ ಒಂದು ಹತ್ತಿಯ ಗೋದಾಮಿತ್ತು. ಆ ಸುಗ್ಗಿಯಲ್ಲಿ ಅದನ್ನು ನಾಲ್ಕು ಜನ ಬಾಡಿಗೆಗೆ ಹಿಡಿದರು. ಮೂವರಿಗೆ ಸೊಂಟದವರೆಗೆ ಕೂದಲು, ಅವರು ಗಂಡಸರು. ಒಬ್ಬರಿಗೆ ತಲೆ ನುಣ್ಣಗೆ, ಅವಳು ಹೆಂಗಸು. ಇಷ್ಟನ್ನು ತಿಳಿದುಕೊಳ್ಳುವುದಕ್ಕೆ ಬೀದಿಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ಗೋದಾಮಿನಿಂದ ಪಾತ್ರೆ ತುಂಬಿದ ಲಾರಿಯೊಂದು ಬಾವಿಗೆ ಬಿದ್ದಂಥ ಶಬ್ದ ಬಂತು. ಬೆನ್ನಿಗೇ ಲಾರಿಯ ಡ್ರೈವರ್ ಬಾವಿಯೊಳಗಿಂದ ಕೂಗಿಕೊಂಡಂಥ ದನಿ. ಬೀದಿಯವರು ಹಗ್ಗ ಹಿಡಿದುಕೊಂಡು ಓಡಿದರು. ಹೋಗಿ ನೋಡಿದರೆ, ಅದು ಹಾಡು.

“ಹೆವಿ ಮೆಟಲ್ ಬ್ಯಾಂಡಂತೆ,” ಎಂದ ಎದುರಿನ ದರ್ಜಿ, ಮುರಿದ ಸೂಜಿಯನ್ನು ಎತ್ತಿ ತೋರಿಸುತ್ತ. “ಹಾಡಿನ ಮೊದಲನೇ ಸಾಲಿಗೇ ಇದು ಹೋಯ್ತು.”

ಮರುದಿನ ಮಧ್ಯಾಹ್ನ ಬೋಳುತಲೆಯವಳು ಗಿರಣಿಗೆ ಬಂದಳು. ಡ್ರಮ್ ಬಾರಿಸುವವಳು ಅವಳೇ. ಕೈಯಲ್ಲಿ ಕಾಳಿನ ಚೀಲವಿರಲಿಲ್ಲ. ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತು, ತೊಡೆಯ ಮೇಲೆ ಬೆರಳಿನಿಂದ ಏನೋ ಎಣಿಸತೊಡಗಿದಳು. ಗಿರಣಿಯಲ್ಲಿ ಕಾಳಿಲ್ಲದೆ ನಿಂತವರು ಯಾರೇ ಆಗಲಿ, ಅವರ ಮೇಲೆ ಒಂದು ಕಣ್ಣಿಡಬೇಕು ಎಂಬುದು ಗಿರಣಿಯಣ್ಣನ ನಿಯಮ. ಅವನು ಎರಡೂ ಇಟ್ಟ.

“ಅಣ್ಣಾ, ನಿಮ್ಮ ಗಿರಣಿ ಶಬ್ದ ಸ್ವಲ್ಪ ಬೇಕಿತ್ತು.”

ಆ ಬಾಗಿಲಿಗೆ ಬಂದು ಜನ ಹಿಟ್ಟು ಕೇಳಿದ್ದರು, ತೌಡು ಕೇಳಿದ್ದರು, ಹಳೆಯ ಬೆಲ್ಟಿನ ತುಂಡು ಕೇಳಿದ್ದರು. ಶಬ್ದ ಕೇಳಿದವರಿಲ್ಲ.

“ಶಬ್ದ ತಗೊಂಡು ಏನ್ ಮಾಡ್ತೀರಮ್ಮ?”

“ಸಿಂಗಲ್ ಬಿಡ್ತಾ ಇದೀವಿ ಅಣ್ಣಾ. ಅಂದ್ರೆ ಒಂದೇ ಹಾಡು. ಅದರ ಹಿನ್ನೆಲೆಗೆ ಬೇಕು.”

“ಒಂದೇ ಹಾಡಿಗೆ ನಾಲ್ಕು ಜನ ಬೇಕೇ?”

“ನಾಲ್ಕು ಜನ ಸೇರಿದ್ರೂ ಮುಗೀತಿಲ್ಲ. ಅದಕ್ಕೇ ನಿಮ್ಮ ಹತ್ರ ಬಂದಿದ್ದು. ನಿಮ್ಮ ಗಿರಣಿ ಹೆಸರು ಹಾಕ್ತೀವಿ.”

ಹೆಸರು ಎಂದ ಕೂಡಲೇ ಗಿರಣಿಯಣ್ಣನ ಸಂಶಯ ಅರ್ಧ ಕರಗಿತು. ಅವಳು ಸತ್ತ ಅಳಿಲಿನ ಹಾಗೆ ರೋಮ ಮುಚ್ಚಿದ ಮೈಕೊಂದನ್ನು ತೊಲೆಗೆ ಕಟ್ಟಿ, ಸಂಜೆ ಬರುತ್ತೇನೆಂದು ಹೋದಳು. ಅವಳು ಹೋದ ಕೂಡಲೇ ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬೀದಿ ದಾಟಿ ಬಂದ.

“ಅಣ್ಣಾ, ನಾನು ಹೇಳೋದಿದ್ರೆ ಹೇಳ್ತೀನಿ, ಬಿಡೋದಿದ್ರೆ ಬಿಡ್ತೀನಿ.”

“ಹೇಳು.”

“ತೂಕದ ಇಲಾಖೆಯೋರು ಈಗ ಟೋಪಿ ಹಾಕ್ಕೊಂಡು ಜೀಪಲ್ಲಿ ಬರಲ್ಲ. ವೇಷ ಹಾಕ್ಕೊಂಡು ಬರ್ತಾರೆ. ಕೂದಲು ಬಿಟ್ಟೋರು ಮೂರು ಜನ, ತೆಗೆಸಿದೋರು ಒಬ್ಬರು. ಇಷ್ಟು ಎದ್ದುಕಾಣೋ ವೇಷ ನಿಜವಾದ ಮನುಷ್ಯರು ಹಾಕ್ತಾರಾ?”

“ನನ್ನ ತೂಕ ಸರಿ ಇದೆಯಪ್ಪ. ನಾನ್ಯಾಕೆ ಹೆದರ್ಲಿ?”

“ನೀನು ಹೆದರ್ತೀಯ ಅಂತ ನಾನೆಲ್ಲಿ ಅಂದೆ?” ಎಂದು ದರ್ಜಿ ಅವನ ಮುಖವನ್ನೇ ನೋಡಿದ.

ತೂಕ ಸರಿಯಿದ್ದದ್ದು ನಿಜ. ಆದರೂ ಗಿರಣಿಯಣ್ಣ ಅಂದು ಮಧ್ಯಾಹ್ನವೆಲ್ಲ ಅಳಿಲಿನ ಕೆಳಗೆ ಮೂರೂ ಪೆಟ್ಟನ್ನು ಗಿರಾಕಿಯ ಎದುರೇ ಹೊಡೆದ. ಮೂರನೆಯದಕ್ಕೆ ಕೆಲವರು ಬೆಚ್ಚಿದರು. ಒಬ್ಬಾಕೆಯಂತೂ ಚೀಲದ ಬಾಯಿ ಕಟ್ಟಲಾಗದೆ ಒದ್ದಾಡಿ, “ಇದು ಯಾರದೋ ಹಿಟ್ಟು ಸೇರಿದೆ” ಎಂದು ಜಗಳ ತೆಗೆದಳು. ಗಂಟೆ ನಾಲ್ಕಾಯಿತು. ಗುಂಪು ಹೆಚ್ಚಿತು. ಕೈ ಎಂಬುದು ಎತ್ತಿನಂಥದು, ಯಜಮಾನ ನಿದ್ದೆ ಹೋದರೂ ತಾನಾಗಿ ಮನೆಯ ದಾರಿ ಹಿಡಿಯುತ್ತದೆ. ಸಂಜೆ ಅವಳು ಮೈಕು ಬಿಚ್ಚಿಕೊಂಡು ಹೋಗುವಾಗಷ್ಟೇ ಗಿರಣಿಯಣ್ಣ ಡಬ್ಬ ನೋಡಿದ. ಅದರಲ್ಲಿ ಹದಿಮೂರು ಹಿಡಿ ಹಿಟ್ಟಿತ್ತು.

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಅವನು ಕಲ್ಲನ್ನು ಉಳಿಯಿಂದ ಕಟೆಯುತ್ತ ಕೂತಿದ್ದಾಗ ಗೋಡೆಯಾಚೆಯಿಂದ ಬಂತು:

ಢಬ್ ಢಬ್.

ಆಮೇಲೆ ಮೌನ. ಒಬ್ಬ ಮನುಷ್ಯ ಚೀಲ ಹೊತ್ತು ಹೊಸ್ತಿಲು ದಾಟುವಷ್ಟು ಹೊತ್ತಿನ ಮೌನ.

ಢಬ್.

ಗಿರಣಿಯಣ್ಣನ ಕೈಯ ಉಳಿ ಕಾಲಮೇಲೆ ಬಿತ್ತು. ಅದೇ ಲೆಕ್ಕ, ಅದೇ ಬಿಡುವು. ಹದಿನೆಂಟು ವರ್ಷದ ಗುಟ್ಟನ್ನು ಗೋಡೆಯಾಚೆ ಯಾರೋ ಆಳೆತ್ತರದ ಡ್ರಮ್ಮಿನ ಮೇಲೆ ಬಾರಿಸುತ್ತಿದ್ದರು, ಪ್ರತಿ ಮೂರನೆಯ ಪೆಟ್ಟಿಗೂ ಬಾವಿಯೊಳಗಿನ ಮನುಷ್ಯ “ಹೋ!” ಎಂದು ಕೂಗುತ್ತಿದ್ದ.

ಅಂದಿನಿಂದ ಗಿರಣಿಯಣ್ಣ ಸತ್ಯವಂತನಾದ. ಮೂರೂ ಪೆಟ್ಟು ಗಿರಾಕಿಗೆ. ಡಬ್ಬ ಬರಿದು. ಮನೆಯಲ್ಲಿ ಹೆಂಡತಿ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಡಬ್ಬವನ್ನು ತಲೆಕೆಳಗು ಮಾಡಿ ಕುಟ್ಟಿದಳು.

“ಕಲ್ಲಿನ ಪಾಲು ಎಲ್ಲಿ?”

“ಕಲ್ಲು… ಕಲ್ಲು ಈಗ ಉಳಿಸ್ತಿಲ್ಲ.”

“ಹದಿನೆಂಟು ವರ್ಷ ಉಳಿಸಿದ ಕಲ್ಲು, ಪಕ್ಕದ ಗೋದಾಮಿಗೆ ಅವಳು ಬಂದ ಮೇಲೆ ಉಳಿಸ್ತಿಲ್ಲ. ಅಲ್ವಾ?”

“ಯಾರವಳು?”

“ತಲೆ ಬೋಳಿಸಿಕೊಂಡು ಗಿರಣಿ ಮೂಲೇಲಿ ಕಣ್ಣು ಮುಚ್ಚಿಕೊಂಡು ನಿಂತಿದ್ಳಂತೆ. ದರ್ಜಿ ಹೆಂಡತಿ ಹೇಳಿದ್ಳು. ನನ್ನ ಮನೆ ಹಿಟ್ಟು ಯಾವ ಮನೆ ಸೇರ್ತಾ ಇದೆ ಅಂತ ನಂಗೂ ಗೊತ್ತಾಗುತ್ತೆ ಬಿಡಿ.”

ನಿಜ ಹೇಳಿದರೆ ಕಳ್ಳ, ಹೇಳದಿದ್ದರೆ ಕಚ್ಚೆಹರುಕ. ಎರಡರಲ್ಲಿ ಯಾವುದು ಮೇಲು ಎಂದು ಯೋಚಿಸುತ್ತ ಗಿರಣಿಯಣ್ಣ ಒಂದು ತುತ್ತೂ ಸರಿಯಾಗಿ ಉಣ್ಣಲಿಲ್ಲ.

ಬೀದಿಗೆ ಹೋದರೆ ಅಲ್ಲೂ ಸುಖವಿರಲಿಲ್ಲ. ದಿನಕ್ಕೆ ಆರು ಗಂಟೆ ಕೇಳಿದ ಶಬ್ದ ಯಾರ ಮೈಗೂ ಹತ್ತಿಕೊಳ್ಳುತ್ತದೆ. ದರ್ಜಿ ಮಷಿನ್ನನ್ನು ಎರಡು ಸಲ ತುಳಿದು, ನಿಲ್ಲಿಸಿ, ಮತ್ತೊಂದು ಸಲ ತುಳಿಯುತ್ತಿದ್ದ. ಅಂಚೆಯವನು ಬಾಗಿಲನ್ನು ಎರಡು ಸಲ ತಟ್ಟಿ, ಒಳಗಿನವರು ಎದ್ದು ಬರುವಷ್ಟರಲ್ಲಿ ಮೂರನೆಯದನ್ನು ತಟ್ಟುತ್ತಿದ್ದ. ಅಗಸಗಿತ್ತಿಯ ಬಟ್ಟೆಯೂ ಕಲ್ಲಿನ ಮೇಲೆ ಹಾಗೆಯೇ ಬೀಳುತ್ತಿತ್ತು. ಗಿರಣಿಯಣ್ಣನಿಗೆ ಇದೆಲ್ಲ ತನಗೇ ಹೇಳುತ್ತಿರುವ ಮಾತೆಂದು ಖಾತ್ರಿಯಾಯಿತು.

ಎಲ್ಲಕ್ಕಿಂತ ಭಯ ಕೋಲಜ್ಜಿಯದು. ಕೈಯ ಕೋಲಿನಿಂದಲೇ ಆ ಹೆಸರು. ವಾರಕ್ಕೊಮ್ಮೆ ಗೋಧಿ ತರುವಳು. ಬೀಸುವ ಕೂಲಿಯ ಲೆಕ್ಕಕ್ಕೆ ಚೀಲವನ್ನು ತೂಕದ ಹಲಗೆಯ ಮೇಲೆ ಇಡಿಸಿ, ಕೋಲಿನ ತುದಿಯನ್ನು ಅದರ ಪಕ್ಕದಲ್ಲೇ ಊರಿ, ಸೊಂಟ ನೋವೆಂದು ಕೋಲಿನ ಮೇಲೆ ಭಾರ ಬಿಟ್ಟು ನಿಲ್ಲುವಳು. ಆ ವಾರ ಹಿಟ್ಟಾಗುವವರೆಗೆ ಜಗಲಿಯ ಮೇಲೆ ಕೂತು ಕೋಲು ಕುಟ್ಟಿದಳು: ಟಕ್ ಟಕ್… ಟಕ್.

“ಏನಜ್ಜಿ ಅದು?”

“ಯಾವುದಪ್ಪ?”

“ಅದೇ. ಕೋಲಲ್ಲಿ.”

“ಕೋಲಲ್ಲಿ ಏನಿದೆ? ಕೋಲಿದೆ,” ಎಂದಳು ಅಜ್ಜಿ. ಕಣ್ಣು ಮಾತ್ರ ಅವನ ಕೈಮೇಲಿತ್ತು.

ಇನ್ನು ತಡೆಯಲಾರದೆ ಗಿರಣಿಯಣ್ಣ ಗೋದಾಮಿಗೆ ಹೋದ. ಹೋಗುವುದನ್ನು ಹೆಂಡತಿ ನೋಡಿದಳು ಎಂಬುದು ಅವನಿಗೆ ಗೊತ್ತಾದದ್ದು ತಡವಾಗಿ.

ಒಳಗೆ ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿದ್ದರು. ಬಾವಿಯೊಳಗಿನ ದನಿಯವನು ಗಂಟಲಿಗೆ ಮಫ್ಲರ್ ಸುತ್ತಿಕೊಂಡು, ಬಿಸಿನೀರು ಕುಡಿಯುತ್ತ, “ಬನ್ನಿ ಅಣ್ಣಾ, ಕೂತ್ಕೊಳ್ಳಿ” ಎಂದು ಬಲು ಮೆತ್ತಗೆ ಹೇಳಿದ. ಇಷ್ಟು ಮರ್ಯಾದೆ ಕಂಡು ಇವರು ಅಧಿಕಾರಿಗಳೇ ಎಂದು ಗಿರಣಿಯಣ್ಣ ತೀರ್ಮಾನಿಸಿಕೊಂಡ.

“ಹಾಡು ಚೆನ್ನಾಗಿದೆಯಮ್ಮ,” ಎಂದ ಬೋಳುತಲೆಯವಳಿಗೆ. “ಆದ್ರೆ ಆ ಮೂರನೇ ಪೆಟ್ಟು… ಅದನ್ನ ತೆಗೆದುಬಿಡಿ.”

“ಅಯ್ಯೋ! ಅದೇ ಅಣ್ಣಾ ಹಾಡಿನ ಜೀವ.”

“ಹಾಗಾದ್ರೆ ಮೂರನ್ನೂ ಒಟ್ಟಿಗೆ ಹೊಡೀರಿ. ಒಂದು ಎರಡು ಮೂರು. ಲೋಕದಲ್ಲಿ ಎಲ್ಲರೂ ಎಣಿಸೋದು ಹಾಗೇ.”

“ಲೋಕದಲ್ಲಿ ಎಲ್ಲರೂ ಮಾಡೋದನ್ನ ನಾವ್ಯಾಕೆ ಮಾಡ್ಬೇಕು? ಏಳು ವರ್ಷದಿಂದ ಬಾರಿಸ್ತಿದೀನಿ, ಇಂಥ ಪೆಟ್ಟು ಕೇಳಿಲ್ಲ. ಎರಡು ಹೊಡೆದು, ಅಷ್ಟು ಹೊತ್ತು ತಡೆದು, ಆಮೇಲೆ ಒಂದು. ಆ ತಡೆಯೋದಿದೆಯಲ್ಲ, ಅದರಲ್ಲಿ ಏನೋ ಭಯ ಇದೆ. ಏನಣ್ಣ ಅದು? ಆ ಮಧ್ಯದಲ್ಲಿ ಏನಾಗುತ್ತೆ?”

“ಏನೂ ಆಗಲ್ಲ!” ಎಂದು ಗಿರಣಿಯಣ್ಣ ಕೂಗಿದ. “ಆ ಮೂರನೇದು ಗಿರಾಕಿ ಹೋದ ಮೇಲೆ, ಅಷ್ಟೆ!”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋಳುತಲೆಯವಳು ನಿಧಾನವಾಗಿ ಜೇಬಿನಿಂದ ಪೆನ್ನು ತೆಗೆದು ಅಂಗೈಮೇಲೆ ಬರೆದುಕೊಂಡಳು.

“ಗಿರಾಕಿ ಹೋದ ಮೇಲೆ,” ಎಂದು ಓದಿದಳು. “ಹದಿನೈದು ದಿನದಿಂದ ಹಾಡಿಗೆ ಹೆಸರು ಹುಡುಕ್ತಿದ್ವಿ.”

ಬಾವಿಯವನ ಕಣ್ಣಲ್ಲಿ ನೀರೇ ಬಂತು.

ಭಾನುವಾರ ಸಂಜೆ ನಾಲ್ಕು ಗಂಟೆಗೆ ಗೋದಾಮಿನ ಮುಂದೆ ಹಾಡಿನ ಬಿಡುಗಡೆ. ಬೀರುವಿನಷ್ಟೆತ್ತರದ ಎರಡು ಸ್ಪೀಕರು, ಒಂದು ಮೇಜು, ಮೇಜಿಗೊಂದು ಬಟ್ಟೆ. ಮುಖ್ಯ ಅತಿಥಿ ಗಿರಣಿಯಣ್ಣ. ಬರುವುದಿಲ್ಲವೆಂದರೆ ಸಂಶಯ, ಬಂದರೆ ಸಾಕ್ಷಿ, ಅವನು ಬಂದ. ದರ್ಜಿ ಹೊಲಿದ ಹೊಸ ಅಂಗಿ ಕಂಕುಳಲ್ಲಿ ಕೊಂಚ ಬಿಗಿಯಾಗಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಕಣ್ಣು ಬೋಳುತಲೆಯ ಮೇಲೆ. ಅವಳ ಪಕ್ಕಕ್ಕೆ ಕೋಲಜ್ಜಿ. ಹಿಂದೆ ದರ್ಜಿ, ಅಂಚೆಯವನು, ಅಗಸಗಿತ್ತಿ, ಇಡೀ ಬೀದಿ. ಕೊನೆಯಲ್ಲಿ ಟೋಪಿ ಹಾಕಿದ ಒಬ್ಬ ಅಪರಿಚಿತ. ಅವನು ಸ್ಪೀಕರು ಬಾಡಿಗೆಗೆ ತಂದವನು. ಆದರೆ ಗಿರಣಿಯಣ್ಣನ ಕಣ್ಣಿಗೆ ಕಂಡದ್ದು ಟೋಪಿ ಮಾತ್ರ.

“ಪ್ರತಿ ಹಾಡಿಗೂ ಒಂದು ಹಿನ್ನೆಲೆ ಇರುತ್ತೆ,” ಎಂದಳು ಬೋಳುತಲೆಯವಳು ಮೈಕಿನಲ್ಲಿ. “ಈ ಹಾಡಿನದು ಇದೇ ಗೋಡೆ ಆ ಕಡೆ ಇದೆ. ಅದನ್ನ ನಾನು ಹೇಳೋದಕ್ಕಿಂತ ಗಿರಣಿಯಣ್ಣನೇ ಹೇಳಿದ್ರೆ ಚೆಂದ.”

ಮೈಕು ಕೈಗೆ ಬಂತು. ಅದರ ಮೈತುಂಬ ಅದೇ ರೋಮ. ಜನ ಚಪ್ಪಾಳೆ ತಟ್ಟಿದರು. ಹೇಗೆ ತಟ್ಟಿದರೆಂದು ಹೇಳಬೇಕಾಗಿಲ್ಲ. ಎರಡು, ಬಿಡುವು, ಒಂದು. ಆ ಬಿಡುವಿನಲ್ಲಿ ಗಿರಣಿಯಣ್ಣನ ಹದಿನೆಂಟು ವರ್ಷ ಕುಸಿದುಬಿತ್ತು.

“ಸಾಕು ನಿಲ್ಸಿ!” ಎಂದ. “ಎಲ್ಲರಿಗೂ ಗೊತ್ತಿದೆ ಅಂತ ನಂಗೂ ಗೊತ್ತಿದೆ. ಒಂದು ಹಿಡಿ. ಒಂದೇ ಹಿಡಿ. ಮೂರನೇ ಪೆಟ್ಟನ್ನ ನೀವು ಹೋದ ಮೇಲೆ ನನ್ನ ಡಬ್ಬಕ್ಕೆ ಹೊಡ್ಕೊಂಡಿದೀನಿ. ಕಲ್ಲಿನ ಪಾಲೂ ಇಲ್ಲ, ಮಣ್ಣೂ ಇಲ್ಲ. ಇಲಾಖೆಯೋರು ಬೇಕಾದ್ರೆ ಬರ್ಕೊಳ್ಳಲಿ!” ಎಂದು ಟೋಪಿಯವನ ಕಡೆ ಕೈ ತೋರಿದ.

ಟೋಪಿಯವನು ಸ್ಪೀಕರಿನಲ್ಲಿ ಏನೋ ಕೆಟ್ಟಿತೆಂದುಕೊಂಡು ಓಡಿಬಂದ.

ಯಾರಿಗೂ ಏನೂ ಗೊತ್ತಿರಲಿಲ್ಲ. ಅದು ಈಗ ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಮೊದಲು ಬಾಯಿ ಬಂದದ್ದು ದರ್ಜಿಗೆ.

“ಅಂದ್ರೆ… ನಾವು ಇಷ್ಟು ದಿನ ತಾಳ ಹಾಕಿದ್ದು ನಮ್ಮ ಹಿಟ್ಟಿಗಾ?”

“ಅಷ್ಟೇನಾ!” ಎಂದು ಹೆಂಡತಿ ಎದೆಮೇಲೆ ಕೈಯಿಟ್ಟು ಉಸಿರುಬಿಟ್ಟಳು. “ನಾನೇನೋ ಅಂದ್ಕೊಂಡಿದ್ದೆ. ಸದ್ಯ, ಬರೀ ಕಳ್ಳತನ.” ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಅರ್ಥವಾಯಿತು. “ಏನು? ಹದಿನೆಂಟು ವರ್ಷ ನನ್ನ ಕೈಯಲ್ಲಿ ಊರ ಹಿಟ್ಟು ನಾದಿಸಿದ್ರಾ?”

ಗದ್ದಲವೆದ್ದಿತು. ಅಂಚೆಯವನು ತನ್ನದು ಎಷ್ಟು ಹಿಡಿಯಾಯಿತೆಂದು ಬೆರಳು ಮಡಚಿದ. ಅಗಸಗಿತ್ತಿ ಬೋರ್ಡು ಇಳಿಸಬೇಕೆಂದಳು. ಬೋಳುತಲೆಯವಳೊಬ್ಬಳೇ ಮುಖ ಅರಳಿಸಿಕೊಂಡು, “ಇದಕ್ಕಿಂತ ಭಾರವಾದ ಹಿನ್ನೆಲೆ ಯಾವ ಬ್ಯಾಂಡಿಗಿದೆ ಹೇಳಿ!” ಎಂದು ಬಾವಿಯವನ ಬೆನ್ನು ಗುದ್ದಿದಳು.

“ನಂಬಿಕೆ ಅನ್ನೋದು ಹೋಯ್ತು!” ಎಂದ ದರ್ಜಿ ಎಲ್ಲರಿಗಿಂತ ಜೋರಾಗಿ. “ಬೋರ್ಡು ಬೇರೆ!”

ಗಿರಣಿಯಣ್ಣ ಅವನ ಮಾತು ತಡೆಯಲು ತೋಳೆತ್ತಿದ. ಎತ್ತಿದ ಕಡೆ ಹೊಸ ಅಂಗಿಯ ಕಂಕುಳು ಪರ್ರೆಂದು ಹರಿಯಿತು. ಅವನು ತನ್ನ ಕಂಕುಳನ್ನು ನೋಡಿಕೊಂಡ. ಆಮೇಲೆ ಕೋಲಜ್ಜಿ ಕೂತಿದ್ದ ದಿಂಬನ್ನು ನೋಡಿದ. ಅದು ಕಾರ್ಯಕ್ರಮಕ್ಕೆಂದು ದರ್ಜಿ ತನ್ನ ಅಂಗಡಿಯಿಂದ ತಂದದ್ದು. ದಿಂಬಿನ ಗವುಸಿನಲ್ಲಿ ಗಿರಣಿಯಣ್ಣನ ಹೊಸ ಅಂಗಿಯ ಬಟ್ಟೆಯದೇ ತುಂಡಿತ್ತು. ಪಕ್ಕದಲ್ಲಿ ಅಂಚೆಯವನ ಖಾಕಿ. ಅದರ ಪಕ್ಕದಲ್ಲಿ ಅಗಸಗಿತ್ತಿಯ ಮಗಳ ಹೂವಿನ ಲಂಗ.

ಒಬ್ಬೊಬ್ಬರಾಗಿ ಎಲ್ಲರೂ ದಿಂಬನ್ನು ನೋಡಿದರು. ದರ್ಜಿ ಕೊರಳಿನ ಟೇಪನ್ನು ಸುತ್ತತೊಡಗಿದ. ಅಂಚೆಯವನು ಖಾಕಿಯಿಂದ ಕಣ್ಣು ತೆಗೆದು ಅಗಸಗಿತ್ತಿಯನ್ನು ನೋಡಿ, ಹೋದ ವರ್ಷ ಒಗೆಯಲು ಹಾಕಿ ಕಾಣೆಯಾದ ಟವೆಲ್ಲನ್ನು ನೆನೆಸಿಕೊಂಡ. ಅವಳು ತಿರುಗಿ ಅವನನ್ನು ನೋಡಿ, ಅವನ ಕೈಯಿಂದ ಅಂಟು ಬಿಟ್ಟುಕೊಂಡೇ ಬಂದಿದ್ದ ತನ್ನ ಮಗಳ ಕಾಗದಗಳನ್ನು ನೆನೆಸಿಕೊಂಡಳು. ಗದ್ದಲ ತಾನಾಗಿ ಇಳಿಯಿತು. ಇನ್ನು ಯಾರು ಬಾಯಿ ತೆರೆದರೂ ಯಾರದು ಹೊರಬೀಳುತ್ತದೋ ಎಂಬ ಮೌನ.

ಆ ಮೌನದಲ್ಲಿ ಹಾಡು ಶುರುವಾಯಿತು. ಬಾವಿಯವನು ಕೂಗಿದ, ಯಾರಿಗೂ ಮಾತು ಅರ್ಥವಾಗಲಿಲ್ಲ. ಆದರೆ ಎರಡು ಪೆಟ್ಟು ಬಿದ್ದು ಬಿಡುವು ಬಂದಾಗಲೆಲ್ಲ ಇಡೀ ಬೀದಿ ಉಸಿರು ಹಿಡಿದು ಪಕ್ಕದವರನ್ನು ಓರೆಗಣ್ಣಿನಿಂದ ನೋಡುತ್ತಿತ್ತು.

ಮರುದಿನ ಗಿರಣಿಯ ಬಾಗಿಲು ತೆಗೆಯುವಾಗ ಗಿರಣಿಯಣ್ಣ ಬೀದಿಯ ಕಡೆ ತಿರುಗಲೇ ಇಲ್ಲ. ಒಬ್ಬರೂ ಬರದಿದ್ದರೆ? ಆದರೆ ಚೀಲಗಳ ಸಾಲು ಎಂದಿನಂತೆಯೇ ಇತ್ತು. ಬೇರೆ ಗಿರಣಿ ಎರಡು ಹರಿದಾರಿ ದೂರ. ವ್ಯತ್ಯಾಸವೆಂದರೆ ಮನುಷ್ಯರೂ ಚೀಲಗಳ ಜೊತೆ ಸಾಲಿನಲ್ಲಿ ನಿಂತಿದ್ದರು. ಮೂರನೆಯ ಪೆಟ್ಟನ್ನು ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಹೊಡೆದುಕೊಂಡು ಹೋದರು. ಹಳೆಯದನ್ನು ಎಣಿಸುವಂತಿರಲಿಲ್ಲ, ಆ ಹಿಟ್ಟೆಲ್ಲ ಗಿರಣಿಯಣ್ಣನ ಮೈಯಾಗಿ ಎದುರಿಗೇ ನಿಂತಿತ್ತು.

ಮಧ್ಯಾಹ್ನ ಕೋಲಜ್ಜಿ ಬಂದಳು. ಇಂದು ಅವನು ಎಚ್ಚರವಾಗಿದ್ದ. ಕಳ್ಳನ ಕಣ್ಣು ತೆರೆದರೆ ಪೊಲೀಸನದಕ್ಕಿಂತ ಚುರುಕು. ಕೋಲಿನ ತುದಿ ಹಲಗೆಯ ಪಕ್ಕದಲ್ಲಿ ಅಲ್ಲ, ಚೀಲದ ಅಡಿಯಲ್ಲಿತ್ತು. ಅಜ್ಜಿ ಸೊಂಟ ನೋವೆಂದು ಕೋಲನ್ನು ಮೊಣಕಾಲಿಗೆ ಆನಿಸಿ ಭಾರ ಬಿಟ್ಟಾಗಲೆಲ್ಲ ಚೀಲ ಒಂದು ಕೂದಲೆಳೆ ಮೇಲೇಳುತ್ತಿತ್ತು.

“ಅಜ್ಜೀ!”

“ಏನಪ್ಪ?”

“ಕೋಲು!”

ಅಜ್ಜಿ ಕೋಲನ್ನು ನೋಡಿದಳು, ಅದು ತಾನಾಗಿ ಅಲ್ಲಿಗೆ ಹೋಗಿದೆ ಎನ್ನುವಂತೆ. ನಿಧಾನವಾಗಿ ಹೊರಗೆ ತೆಗೆದಳು. ತೂಕದ ಮುಳ್ಳು ಒಂದು ಸೇರು ಮುಂದಕ್ಕೆ ಹಾರಿತು.

“ನಿನ್ನ ಅಪ್ಪನ ಕಾಲದಿಂದ ಇದೆ,” ಎಂದಳು. “ಅವನೂ ಎರಡೇ ಹೊಡೀತಿದ್ದ. ನಂಗೆ ಕಿವಿ ಚೆನ್ನಾಗಿದೆ. ನೀವು ನಂಗೆ ಹಿಟ್ಟಲ್ಲಿ ತೆಗೀತಿದ್ರಿ, ನಾನು ನಿಮಗೆ ಬೀಸೋ ಕೂಲೀಲಿ ತೆಗೀತಿದ್ದೆ. ಯಾರು ಯಾರಿಗೂ ಬಾಕಿ ಇರ್ಲಿಲ್ಲ. ನೀನು ಸುಮ್ಮನಿರಲಾರದೆ ಎಲ್ಲಾ ಕೆಡಿಸಿದೆ.”

ಗಿರಣಿಯಣ್ಣ ಅವಳ ಗೋಧಿಯನ್ನು ಗಿರಣಿಗೆ ಸುರಿದ. ಬೀಸಿದ. ಹಿಟ್ಟು ಮುಗಿದ ಮೇಲೆ ಅಜ್ಜಿ ತಾನೇ ಎದ್ದು ಬಂದು, ಬಟ್ಟೆಯ ತೋಳನ್ನು ಹಿಡಿದು ಎರಡು ಪೆಟ್ಟು ಹೊಡೆದು, ಚೀಲದ ಬಾಯಿ ಕಟ್ಟಿದಳು.

“ಅಜ್ಜಿ, ಮೂರನೇದು?”

“ಅದು ನನ್ನ ಕೋಲಿನ ಬಾಕಿ. ನಾನು ಹೋದ ಮೇಲೆ ಹೊಡ್ಕೋ. ಇಲ್ಲಿಗೆ ತೀರಿತು.”

ಲೋಕದಲ್ಲಿ ಇನ್ನೂ ದೊಡ್ಡ ಮನಸ್ಸಿನವರಿದ್ದಾರೆ ಎಂದುಕೊಂಡ. ಅಜ್ಜಿ ಚೀಲವನ್ನು ಕಂಕುಳಲ್ಲಿ ಅವುಚಿ, ಕೋಲೂರುತ್ತ, ಹೊಸ್ತಿಲು ದಾಟಿದಳು. ಅವನು ತೊಲೆಯ ಮೇಲೆ ನೋಡಿದ; ಅಳಿಲಿರಲಿಲ್ಲ. ಗೋಡೆಗೆ ಕಿವಿಯಿಟ್ಟ, ಆಚೆ ಯಾರೂ ಇರಲಿಲ್ಲ. ಡಬ್ಬವನ್ನು ಕೆಳಗೆ ಹಿಡಿದು, ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ನ್ಯಾಯವಾಗಿ, ತೋಳು ಬೀಸಿ ಹೊಡೆದ.

ಏನೂ ಬೀಳಲಿಲ್ಲ. ಅಜ್ಜಿ ಪೆಟ್ಟು ಹೊಡೆಯುವ ಮೊದಲೇ ತೋಳನ್ನು ಮೇಲಿನಿಂದ ಕೆಳಗೆ, ಆಕಳ ಕೆಚ್ಚಲಿನ ಹಾಗೆ, ಹಿಂಡಿಕೊಂಡು ಹೋಗಿದ್ದಳು.

ಶಬ್ದ ಮಾತ್ರ ಚೆನ್ನಾಗಿ ಬಂತು.